ನಡುಮನೆಯ ಕಾಂಕ್ರೀಟು ಗೋಡೆ

ಮನೆ ಕಟ್ಟಿಸುವವರೆಲ್ಲ ಮಾಳಿಗೆ ತಲೆಯ ಮೇಲೆ ಬೀಳದಿದ್ದರೆ ಸಾಕು ಎನ್ನುತ್ತಾರೆ. ಮನೆ ಪಕ್ಕಕ್ಕೂ ವಾಲೀತು ಎಂದು ಈ ಮುಪ್ಪಿನಲ್ಲಿ ನನಗೆ ಒಬ್ಬ ಇಂಜಿನಿಯರ್ ಕಲಿಸಿದ. ನನ್ನ ಓದು ಸಹಿ ಮಾಡುವಷ್ಟೇ. ಆದರೆ ಬೆಟಗೇರಿಯ ನೇಕಾರರ ಮನೆ ನಡೆಸಿದವಳಿಗೆ ಗೋಡೆಯ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಕಡೆ ನಡುಮನೆಯಲ್ಲಿ ಗೋಡೆ ಎದ್ದಿತೆಂದರೆ ಅಣ್ಣತಮ್ಮಂದಿರು ಪಾಲಾದರು ಎಂದೇ ತಿಳಿಯಬೇಕು. ನನ್ನ ಗಂಡ ಮತ್ತು ಅವನ ತಮ್ಮ ಹಾಗೇ ಗೋಡೆ ಎಬ್ಬಿಸಿದರು, ಸಾಯುವ ತನಕ ಮಾತಾಡಲಿಲ್ಲ. ಅದಕ್ಕೇ ನಾನಿರುವ ತನಕ ನಡುಗೋಡೆ ಇಲ್ಲ ಎಂದು ನನ್ನ ಇಬ್ಬರು ಮಕ್ಕಳಿಗೆ ಹೇಳಿಟ್ಟಿದ್ದೆ.

ಮಣ್ಣಿನ ಮನೆ ಕೆಡವಿ, ಕೆಳಗೆ ಮಗ್ಗ, ಮೇಲೆ ಸಂಸಾರ ಎಂದು ಕಾಂಕ್ರೀಟಿಗೆ ಹೊರಟಾಗ ಇಂಜಿನಿಯರ್ ಬಂದ. ಹಿಂದೊಮ್ಮೆ ನೆಲ ನಡುಗಿ ನೆಲುವಿನ ಗಡಿಗೆಗಳು ತೂಗಾಡಿದ್ದನ್ನು ಅವನಿಗೆ ಹೇಳಿದವಳು ನಾನೇ. ಬಾಯಿ ಸುಮ್ಮನಿರಬೇಕಿತ್ತು. ಅವನು ಹಳೆಯ ಮಗ್ಗದ ಚೌಕಟ್ಟು ಹಿಡಿದು ಅಲುಗಿಸಿದ. ಕಾಲುಗಳು ಗಟ್ಟಿ ಇದ್ದವು, ಚೌಕಟ್ಟು ವಾಲಿತು.

"ಯವ್ವಾ, ನೆಲಾ ಹಿಂಗ ಅಡ್ಡ ಜಗ್ಗತೈತ್ರಿ. ತಡ್ಯಾಕ ದಪ್ಪ ಕಂಬ, ತೊಲಿ ಕೂಡಿಸಿ ಬಿಗೀಬೇಕು. ಇಲ್ಲಾ ನಡುವ ಬುಡದಿಂದ ಮಾಳಗಿ ತನಕ ಕಾಂಕ್ರೀಟ ಗ್ವಾಡಿ ಎಬ್ಬಿಸಬೇಕು."

"ಕಂಬಾನ ಹಾಕು," ಎಂದೆ.

ಕಂಬಗಳ ಗುರುತಿಗೆ ಸುಣ್ಣ ಹಾಕಿಸಿದ. ಮಗ್ಗ ಕೂರುವ ಜಾಗದಲ್ಲೆಲ್ಲ ಕಂಬ. ಮಗ್ಗವನ್ನೇನು ಎಮ್ಮೆಯ ಹಾಗೆ ಕಂಬಕ್ಕೆ ಕಟ್ಟೋಣವೇ ಎಂದು ದೊಡ್ಡ ಮಗ ಬಸಪ್ಪ ಕೇಳಿದ. ಗೋಡೆಯಾದರೆ ಎರಡೂ ಬದಿ ಮಗ್ಗ ಸಲೀಸಾಗಿ ಕೂರುತ್ತವೆ. ಹಾಗಾದರೆ ಗೋಡೆಯ ನಡುವೆ ಒಂದು ಬಾಗಿಲಾದರೂ ಇಡು ಎಂದೆ. ನಡುವೆ ಕೊರೆದರೆ ಗೋಡೆಯ ಕಸುವು ಹೋಗುತ್ತದೆ ಎಂದ ಇಂಜಿನಿಯರ್. ನಾನು ಹಟ ಬಿಡಲಿಲ್ಲ. ಕೆಲಸ ನಿಂತಿತು, ಮಗ್ಗಗಳು ಹಿತ್ತಿಲಲ್ಲಿ ತಾಡಪಾಲಿನ ಕೆಳಗೆ ಬಿದ್ದವು.

ಕಡೆಗೆ ಕಿರಿಯ ಸೊಸೆ ಗಂಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಅತ್ತಿ, ಜಗಳಾಡಾಕ ಗ್ವಾಡಿ ಯಾಕ ಬೇಕ್ರಿ? ಇಲ್ಲದನ ಆಡೇವಲ್ಲ."

ಹೂಂ ಎಂದೆ.

ಗೋಡೆ ಎದ್ದಿತು. ಯಾವಾಗ ಪಾಲಾದಿರಿ ಎಂದು ಓಣಿಯವರು ಮೆಲ್ಲಗೆ ಕೇಳುತ್ತಾರೆ. ಭೂಕಂಪಕ್ಕಾಗಿ ಎಂದರೆ, ಆ ಭೂಕಂಪ ಯಾವ ಸೊಸೆ ಎಂಬಂತೆ ಮುಖ ನೋಡುತ್ತಾರೆ. ಸೊಸೆಯರು ಪಡಸಾಲೆಯಿಂದ ಸುತ್ತಿ ಬಂದು ಒಂದೇ ಒಲೆಯ ಮೇಲೆ ಅಡುಗೆ ಮಾಡುತ್ತಾರೆ, ಜಗಳವನ್ನೂ ಅಲ್ಲೇ ಆಡುತ್ತಾರೆ. ಪಾಲಾದವಳು ನಾನೊಬ್ಬಳೇ: ಮಲಗಲು ಒಂದು ಬದಿ ಆರಿಸಬೇಕಾಯಿತು. ಬಸಪ್ಪನ ಬದಿ ಆರಿಸಿದೆ. ಈಗ ಆಚೆ ಬದಿಯಲ್ಲಿ ನನ್ನ ಬಗ್ಗೆ ಏನು ಮಾತಾಡುತ್ತಾರೋ ಎಂದು ಗೋಡೆಗೆ ಕಿವಿ ಹಚ್ಚಿ ಕೂರುತ್ತೇನೆ. ಹಾಳು ಕಾಂಕ್ರೀಟು, ಏನೂ ಕೇಳಿಸುವುದಿಲ್ಲ.