ತಾವರೆಕೊಳದಲ್ಲಿ ಹುಟ್ಟಿದ ಹೊಳೆ

ಬಹಳ ಹಿಂದೆ, ಭೂಗೋಳವೂ ಅರಮನೆಯ ಅಪ್ಪಣೆಗೆ ಕಾಯುತ್ತಿದ್ದ ಕಾಲದಲ್ಲಿ, ತಲೆದೂಗು ಎಂಬ ರಾಜ್ಯವಿತ್ತು. ಅದರ ನಡುವೆ ಹಿರೇಹೊಳೆ ಹರಿಯುತ್ತಿತ್ತು. ಹೊಳೆಗೆ ಇದ್ದದ್ದು ಒಂದೇ ದೋಷ: ಅದು ಪಕ್ಕದ ರಾಜ್ಯದ ಬೆಟ್ಟದಲ್ಲಿ ಹುಟ್ಟುತ್ತಿತ್ತು.

ಅರಮನೆಯ ದಿಬ್ಬದ ಬುಡದಲ್ಲಿ ಅಂಬಿಗರ ಕೇರಿ, ನಲವತ್ತು ಗುಡಿಸಲು. ಅದರ ನೆರೆಕಾವಲು ಸಣ್ಣೀರನದು. ಬೆಟ್ಟದಲ್ಲಿ ಮಳೆ ಹುಚ್ಚೆದ್ದು ನೀರು ಏರತೊಡಗಿದರೆ ಮೇಲೂರಿನವರು ಬಾಳೆದಿಂಡಿನ ತೆಪ್ಪಕ್ಕೆ ಕೆಂಪು ಬಟ್ಟೆ ಕಟ್ಟಿ ತೇಲಿಬಿಡುತ್ತಿದ್ದರು. ಅದು ಕಂಡೊಡನೆ ಸಣ್ಣೀರ ತಮಟೆ ಬಡಿಯಬೇಕು, ಕೇರಿಯವರು ಮಕ್ಕಳುಮರಿ ಕಟ್ಟಿಕೊಂಡು ದಿಬ್ಬ ಹತ್ತಬೇಕು. ತೆಪ್ಪದ ಹಿಂದೆ ಅರ್ಧ ದಿನದಲ್ಲಿ ನೆರೆ ಬರುತ್ತಿತ್ತು. ಈ ಪದ್ಧತಿಗೆ ಯಾವ ಇಲಾಖೆಯ ಅನುಮೋದನೆಯೂ ಇರಲಿಲ್ಲವಾದ್ದರಿಂದ ಅದು ಮುನ್ನೂರು ವರ್ಷ ಚೆನ್ನಾಗಿಯೇ ನಡೆದಿತ್ತು.

ಒಂದು ದಿನ ಊಟದ ನಡುವೆ ಮಹಾರಾಜ ಉತ್ತುಂಗಭೂಪನಿಗೆ ದುಃಖ ಉಕ್ಕಿತು. "ನಮ್ಮ ಹೊಳೆ ಪರರಾಜ್ಯದಲ್ಲಿ ಹುಟ್ಟುವುದೇ? ನಾವು ಇದ್ದೂ ಸತ್ತಂತೆಯೇ?"

"ಪ್ರಭುಗಳಿರುವುದರಿಂದಲೇ ಅದು ಇಷ್ಟಾದರೂ ಹರಿಯುತ್ತಿದೆ," ಎಂದ ಮಂತ್ರಿ ಅನುಮೋದನಪ್ಪ, ಪಾಯಸ ಬಡಿಸಿಕೊಳ್ಳುತ್ತ. "ಒಂದು ಸಮಿತಿ ಮಾಡೋಣ."

ಸಮಿತಿ ಹೊಳೆಯ ಕಡೆ ಹೋಗಲಿಲ್ಲ, ಅಲ್ಲಿ ಕೆಸರಿತ್ತು. ಅಂಬಿಗರನ್ನೂ ಕೇಳಲಿಲ್ಲ; ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ? ಮೂರು ತಿಂಗಳು ಅತಿಥಿಗೃಹದಲ್ಲೇ ಕ್ಷೇತ್ರಕಾರ್ಯ ನಡೆಸಿ ವರದಿ ಸಲ್ಲಿಸಿತು. ಹಿರೇಹೊಳೆ ಹುಟ್ಟುವುದು ಅರಮನೆಯ ಹೂದೋಟದ ತಾವರೆಕೊಳದಲ್ಲಿ. ಪ್ರಭುಗಳ ಮುತ್ತಜ್ಜ ಅಲ್ಲಿ ಒಮ್ಮೆ ಬಾಯಿ ಮುಕ್ಕಳಿಸಿದ್ದೇ ಅದರ ಇತಿಹಾಸ. ಅಲ್ಲಿಂದ ಅದು ಬೆಟ್ಟ ಹತ್ತಿ ಪರರಾಜ್ಯದಲ್ಲಿ ಕೊನೆಗಾಣುತ್ತದೆ.

ಮರುದಿನವೇ ರಾಜಾಜ್ಞೆ ಹೊರಟಿತು: ಮೇಲೂರನ್ನು ಇನ್ನು ಕೆಳೂರು ಎನ್ನತಕ್ಕದ್ದು. ನೆರೆ ಬರುವುದಾದರೆ ಉಗಮದಿಂದಲೇ ಬರತಕ್ಕದ್ದು. ಆದಕಾರಣ ಸಣ್ಣೀರನನ್ನು ತಮಟೆ ಸಮೇತ ತಾವರೆಕೊಳಕ್ಕೆ ವರ್ಗಾಯಿಸಲಾಗಿದೆ.

ಸಣ್ಣೀರನ ಮಗಳು ನಿಂಗಾಜಿ ಹೆರಿಗೆಗೆ ಬಂದಿದ್ದಳು. ಮಗುವಿಗೆ ಇನ್ನೂ ಮೂರು ದಿನ. ಅವನು ಮಂತ್ರಿಯ ಬಳಿಗೆ ಓಡಿ ಕೈಮುಗಿದ.

"ಬುದ್ದಿ, ನೀರು ಮ್ಯಾಲಿಂದ ಕೆಳಕ್ಕೆ ತಾನೆ ಬರಾದು?"

"ಅದು ಹಿಂದಿನ ಆಡಳಿತದ ಧೋರಣೆ ಕಣಯ್ಯ."

"ಬೆಟ್ಟದ ಮ್ಯಾಗೆ ಮೋಡ ಕಪ್ಪಿಟ್ಟದೆ. ನಾ ಇಲ್ಲಿ ಕುಂತ್ರೆ ಹೊಳೆ ನೋಡೋರ್ಯಾರು? ಮನೇಲಿ ಹಸೀ ಬಾಣಂತಿ ಅವ್ಳೆ."

"ಹೊಳೆಯ ಬಾಲ ನೋಡಿ ಏನು ಮಾಡ್ತೀಯ? ತಲೆಯ ಹತ್ತಿರವೇ ಕೂರಿಸಿದ್ದೇವೆ. ಬಡ್ತಿ ಅಂತ ತಿಳ್ಕೋ."

ಬಡ್ತಿಗೆ ತಕ್ಕಂತೆ ಒಂದು ಜರಿಪೇಟ ಕೊಟ್ಟರು, ಅವನು ಜಾಗ ಬಿಟ್ಟು ಏಳದಂತೆ ಇಬ್ಬರು ಭಟರನ್ನೂ ಕೊಟ್ಟರು. ಮೂರು ದಿನ ಕೊಳದಲ್ಲಿ ಎದ್ದ ಅಲೆಯೆಲ್ಲ ಒಂದು ಕಪ್ಪೆಯದು. ನಿಯಮದಂತೆ ಸಣ್ಣೀರ ಅದನ್ನೂ ವರದಿ ಮಾಡಿದ. ನಾಲ್ಕನೆಯ ಬೆಳಿಗ್ಗೆ ಗೋಡೆಯಾಚೆ ಇಣುಕಿದರೆ, ಕೆಂಪು ಬಟ್ಟೆ ಕೇರಿಯನ್ನು ದಾಟಿ ಹೋಗುತ್ತಿದೆ! ಹೊಳೆ ನೋಡಲು ಕಾವಲಿನವನಿದ್ದಾನೆಂಬ ಮುನ್ನೂರು ವರ್ಷದ ಅಭ್ಯಾಸದಲ್ಲಿ ಕೇರಿ ನೆಮ್ಮದಿಯಾಗಿತ್ತು. ಅವನು ತಮಟೆ ಎತ್ತಿ ಒಂದು ಪೆಟ್ಟು ಹಾಕುವಷ್ಟರಲ್ಲಿ ಭಟರು ಕಿತ್ತುಕೊಂಡರು. ಕೊಳ ಶಾಂತವಾಗಿರುವಾಗ ತಮಟೆ ಬಡಿಯುವುದು ಸುಳ್ಳು ಸುದ್ದಿ ಹಬ್ಬಿಸಿದಂತೆ ಎಂದು ಅವನನ್ನು ಕೋಣೆಯಲ್ಲಿ ಕೂಡಿಹಾಕಿದರು.

ಸಂಜೆಗೆ ಹೆಂಚು ಸರಿಸಿ ಅವನು ತಪ್ಪಿಸಿಕೊಂಡಾಗ ಕೇರಿಯಲ್ಲಿ ಎದೆಮಟ್ಟ ನೀರು. ಮಗಳನ್ನೂ ಮಗುವನ್ನೂ ಹರಿಗೋಲಿಗೆ ಎಳೆದುಕೊಂಡ. ನಲವತ್ತು ಗುಡಿಸಲೂ ಹೋದವು. ತಮಟೆಯ ಸದ್ದನ್ನೇ ನಂಬಿ ಕೂತಿದ್ದ ಕುರುಡಿ ಕೆಂಚಜ್ಜಿ ಸಿಗಲೇ ಇಲ್ಲ. ಸಣ್ಣೀರ ಬಾಯಿಬಡಿದುಕೊಂಡು ಅತ್ತ, ಅರಮನೆಗೆ ಹಿಡಿಹಿಡಿ ಮಣ್ಣು ತೂರಿದ.

ನೀರು ಇಳಿದ ಮೇಲೆ ಆಸ್ಥಾನ ಸೇರಿತು. ನೆರೆ ಬಂದದ್ದು ನಿಜ, ಉಗಮ ಅರಮನೆ. ಆದ್ದರಿಂದ ನೆರೆ ಪ್ರಭುಗಳ ಕೃಪೆ ಎಂದು ತೀರ್ಮಾನವಾಯಿತು. ಉತ್ತುಂಗಭೂಪನಿಗೆ 'ನದೀಜನಕ' ಬಿರುದು ಕೊಟ್ಟು, ಕೊಳಕ್ಕೆ ಬಾಗಿನ ಅರ್ಪಿಸಿದರು.

"ಇಷ್ಟೊಂದು ನೀರು ದಯಪಾಲಿಸಿ ಕೊಳ ಬಡವಾಗಿರಬೇಕಲ್ಲ ಪ್ರಭೂ!" ಎಂದು ಮಂತ್ರಿ ಕಣ್ಣೊರೆಸಿಕೊಂಡ.

ಕೂಡಲೇ ಆಜ್ಞೆಯಾಯಿತು: ಪ್ರಜೆಗಳು ಪ್ರಭುಗಳ ನೀರನ್ನು ತಲೆಗೊಂದು ಕೊಡ ಲೆಕ್ಕದಲ್ಲಿ ದಿನಾ ಹೊಳೆಯಿಂದ ಕೊಳಕ್ಕೆ ಹಿಂದಿರುಗಿಸತಕ್ಕದ್ದು.

ಸಣ್ಣೀರ ಬಾಣಂತಿಗೆ ವಿನಾಯಿತಿ ಬೇಡಿದ. ಗುಮಾಸ್ತ ಕನಿಕರದಿಂದ ಕೇಳಿಸಿಕೊಂಡು ಕೂಸಿನತ್ತ ನೋಡಿದ. "ಇದರ ಹೆಸರು?"

"ಇನ್ನೂ ಇಟ್ಟಿಲ್ಲ ಬುದ್ದಿ."

"ಪರವಾಗಿಲ್ಲ. ಇದಕ್ಕೆ ತಂಬಿಗೆ ಸಾಕು."

ತನ್ನ ಕೊಡ, ಮಗಳ ಕೊಡ, ಮೊಮ್ಮಗುವಿನ ತಂಬಿಗೆ ಹೊತ್ತು ಸಣ್ಣೀರ ಸಾಲಿನಲ್ಲಿ ನಡೆದ. ಹೀಗೆ ತಲೆದೂಗು ರಾಜ್ಯದಲ್ಲಿ ಹೊಳೆ ವರದಿಯಲ್ಲಿದ್ದಂತೆಯೇ ದಿಬ್ಬ ಹತ್ತತೊಡಗಿತು, ಪ್ರಜೆಗಳ ತಲೆಯ ಮೇಲೆ ಕೂತು.