ನಿಡೋಣಿ ಬೀಗತಿಗೊಂದು ಕೌದಿ

ಎಡಕ್ಕೆ ತಿರುಗಿ

“ಯಣ್ಣಾ, ಕಳ್ಳಕವಟಗಿಗಿ ಇದ ಹಾದಿ ಏನ್ರಿ?”

ತಿಕೋಟಾ ದಾಟಿ ಬಹಳ ಹೊತ್ತಾಗಿತ್ತು. ಎರಡೂ ಬದಿಗೆ ದ್ರಾಕ್ಷಿ ಪಡ, ನಡುವೆ ನನ್ನ ಸ್ಕೂಟರು, ಹಿಂದಿನ ಸೀಟಿನಲ್ಲಿ ಗೆಳತಿ. ಪಡದ ಬಾಯಲ್ಲಿ ನಿಂತಿದ್ದವನು ನಮ್ಮಿಬ್ಬರನ್ನೂ ಸಾವಕಾಶ ನೋಡಿ, “ಯಾರ ಮನಿಗಿ?” ಎಂದ. ನಮ್ಮ ಕಡೆ ಇದು ಗೊತ್ತಾಗದೆ ಯಾರೂ ಹಾದಿ ಹೇಳುವುದಿಲ್ಲ.

ಇಸ್ತಾಂಬುಲ್‌ನ ಗಲ್ಲಿಗಳನ್ನು ಸುತ್ತಿ, ಹನೋಯ್‌ನ ಸಂತೆ ಹೊಕ್ಕು ಹೊರಬಂದವಳು ನಾನು. ಆದರೆ ಈ ಗೆಳತಿಯ ಜೊತೆ ಬಟ್ಟೆ ಹುಡುಕಲು ಹೊರಬಿದ್ದ ದಿನ ಏನೂ ಆಗದೆ ಮನೆ ಸೇರಿದ್ದು ನೆನಪಿಲ್ಲ.

ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸನ್ನು ಕರಕೊಂಡು ನಿಡೋಣಿಯ ಗಂಡನ ಮನೆಗೆ ಹೋಗುವಾಗ ತವರಿನಿಂದ ಕೌದಿ ಹೋಗಬೇಕು. ಹಳೆಯ ಸೀರೆ, ಬಣ್ಣಬಣ್ಣದ ಚಿಂದಿ ಎಲ್ಲ ಪದರ ಕೂಡಿಸಿ ಕೈಯಲ್ಲೇ ಹೊಲಿದದ್ದು. ನಿಡೋಣಿ ಬೀಗತಿ ಎಂದರೆ ಮಗನ ಮದುವೆಯಲ್ಲೇ ಉಂಡಿ ಮುರಿದು ನೋಡಿ, “ಪಾಕ ಒಂದ ಎಳಿ ಹೆಚ್ಚಾಗೈತಿ” ಎಂದವರು. ಅಂದಿನಿಂದ ಅವರೆದುರು ನನ್ನ ಗೆಳತಿಯ ಕುತ್ತಿಗೆ ನೆಟ್ಟಗಾಗಿಲ್ಲ. ಕೌದಿಯಲ್ಲಾದರೂ ಅವರ ಬಾಯಿ ಮುಚ್ಚಿಸಬೇಕೆಂದು ಪಣ ತೊಟ್ಟಿದ್ದಳು.

ನನ್ನದೊಂದು ಋಣವೂ ಅದರಲ್ಲಿತ್ತು. ಹೋದ ವರ್ಷ ನನ್ನ ಕೌದಿಗೆ ಅವಳು ಬಂದು ಕೂತು ಹೊಲಿದಿದ್ದಳು. ಇಂಥ ಋಣ ರೊಕ್ಕದಿಂದ ತೀರುವುದಿಲ್ಲ, ಅವರ ಕೌದಿಗೆ ನಾವೂ ಕೂತು ಹೊಲಿಯಬೇಕು. ಮುಯ್ಯಿ ಎನ್ನುತ್ತಾರೆ. ನನ್ನ ಹೊಲಿಗೆ ಗೊತ್ತಿದ್ದುದರಿಂದ ಗೆಳತಿ ಸದ್ಯಕ್ಕೆ ಸ್ಕೂಟರು ಹೊಡೆಯುವ ಕೆಲಸವನ್ನಷ್ಟೇ ಕೊಟ್ಟಿದ್ದಳು.

ಪಡದವನು ನನ್ನ ಫೋನಿನತ್ತ ಗದ್ದ ತೋರಿಸಿದ. “ಅದು ಏನಂತೈತ್ರಿ?”

“ಎಡಕ್ಕ ಹೊಳ್ಳು ಅಂತೈತಿ.”

“ಎಡಕ್ಕ ನಮ್ಮ ಬಾವಿ ಐತ್ರಿ. ಮೊದಲ ಅದನ್ನ ಕಳಸ್ರಿ, ಈಸಾಕ ಬಂದ್ರ ನೀವು ಹೋಗೀರಂತ.”

ಹೊಸ ಸೀರೆ

ಕಳ್ಳಕವಟಗಿಯಲ್ಲಿ ಗೆಳತಿಯ ಸೋದರತ್ತೆ ಇದ್ದಾರೆ. ತುಂಬು ಬಾಳು ಬಾಳಿದವರ ಸೀರೆ ಕೂಸಿನ ಕೌದಿಗೆ ಸೇರಿದರೆ ಆಯುಷ್ಯ ಹೆಚ್ಚು ಎನ್ನುತ್ತಾರೆ. ಅದಕ್ಕೇ ಇಷ್ಟು ದೂರ ಬಂದದ್ದು.

“ಅತ್ತಿ, ಒಂದ ಹಳೇ ಸೀರಿ ಕೊಡು.”

“ನನ್ನ ಕಡೆ ಹಳೇವು ಎಲ್ಲಿದಾವ? ಮೈಮ್ಯಾಲ ಇದ್ದದ್ದೊಂದ ಹಳೇದು.”

“ಪೆಟಗಿ ತುಂಬ ಅದಾವಲ್ಲ?”

“ಅವು ಹೊಸಾವು.”

“ಯಾವಾಗಿನ ಹೊಸಾವು?”

“ನನ್ನ ಮದಿವ್ಯಾಗಿನವು.”

ಚಹಾ ಆಯಿತು, ಚುರುಮುರಿ ಆಯಿತು. ಕೊನೆಗೆ ಅತ್ತೆ ಒಂದು ಕರಾರಿಗೆ ಬಂದರು: ಒಂದು ಹಳೆಯದಕ್ಕೆ ಒಂದು ಹೊಸದು, ಅದೂ ಇಳಕಲ್ಲಿನದು, ಆರಿಸುವುದು ಅವರೇ. ಗೆಳತಿ ಒಪ್ಪಿದಳು. ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. “ಇಕಿ ಕೂಸಿನ ಆಯುಷ್ಯಕ್ಕ ಬಂದಾಳೋ, ನಂದು ಎಷ್ಟ ಉಳದೈತಿ ಅಂತ ನೋಡಾಕ ಬಂದಾಳೋ? ನೀ ಊರೂರು ಅಡ್ಡಾಡಿದಾಕಿ, ನಿನಗ ಗೊತ್ತಿರತೈತಿ.”

ಒಪ್ಪುವ ಬಣ್ಣ

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಸೀರೆ ಅಂಗಡಿ. ಗಾದಿಯ ಮೇಲೆ ಕೂತು ಅತ್ತೆಗೆ ವಿಡಿಯೋ ಕಾಲ್ ಹಚ್ಚಿದೆವು. ಅಂಗಡಿಯವರು ಒಂದೊಂದೇ ಸೀರೆ ತೆಗೆದು ಫೋನಿನ ಮುಂದೆ ಹಿಡಿದರು. ಆಚೆಯಿಂದ ಒಂದೇ ಮಾತು: “ಮಡಚಿ ಹಿಡದ್ರ ತಿಳಿಯಂಗಿಲ್ಲ. ಯಾರರ ಉಟ್ಟು ತೋರಸ್ರಿ.”

ನಾನು ಪ್ಯಾಂಟಿನಲ್ಲಿದ್ದೆ. ಗೆಳತಿಗೆ ಮೊಣಕಾಲು ನೋವು, ಏಳಲಿಲ್ಲ. ಮೀಸೆಯ ಅಂಗಡಿಯವರೇ ಎದ್ದು, ಅಂಗಿಯ ಮೇಲೆ ನಿರಿಗೆ ಹಿಡಿದು, ಕೆಂಪು-ಬಿಳಿ ಪಟ್ಟೆಯ ಟೋಪ ತೆನಿ ಸೆರಗನ್ನು ಹೆಗಲಿಗೆ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದರು. ಅಂಗಡಿಗೆ ಬಂದಿದ್ದ ಮದುವೆ ಮನೆಯವರು ತಾವು ಆರಿಸುವುದನ್ನು ಬಿಟ್ಟು ಇವರನ್ನೇ ನೋಡುತ್ತಿದ್ದರು.

ಅತ್ತೆ ಬಹಳ ಹೊತ್ತು ನೋಡಿದರು. “ಬ್ಯಾರೆ ತೋರಸ್ರಿ. ಈ ಬಣ್ಣ ಅವರಿಗೇ ಒಪ್ಪೈತಿ.”

ಊರು ದಾಟಿ

ಅಂತೂ ಅತ್ತೆಗೊಂದು ಸೀರೆ ಒಪ್ಪಿಗೆಯಾಗಿ, ಅವರ ಹಳೆಯದು ನಮ್ಮ ಕೈಗೆ ಬಂತು. ಇನ್ನು ಮೇಲೆ ಹಚ್ಚಲು ಬಣ್ಣದ ತುಂಡು ಬೇಕು. ಕಟ್‌ಪೀಸ್ ಕೊಳ್ಳೋಣ ಎಂದೆ. ವಿದೇಶದ ಒಂದು ಮ್ಯೂಸಿಯಮ್ಮಿನಲ್ಲಿ ಹೊಸ ಬಟ್ಟೆಯ ಕೌದಿಯನ್ನು ಗಾಜಿನೊಳಗೆ ಇಟ್ಟಿದ್ದರು, ಮುಟ್ಟಲೂ ಬಿಡುತ್ತಿರಲಿಲ್ಲ ಎಂದೂ ಹೇಳಿದೆ.

“ಹೊಚಗೋಳಾಕ ಬ್ಯಾಡಾಗಿದ್ರ ಹೊಲದ್ರ್ಯಾಕ?” ಎಂದಳು ಗೆಳತಿ. ಸ್ಕೂಟರು ಬಬಲೇಶ್ವರದತ್ತ ತಿರುಗಿತು.

ಅಲ್ಲಿ ಅವಳಿಗೆ ಗುರುತಿನ ಟೇಲರ್ ಒಬ್ಬರಿದ್ದರು. ಕೌದಿಗೆ ಎಂದೊಡನೆ ಮಿಷನ್ನಿನ ಕೆಳಗಿನಿಂದ ಒಂದು ಚೀಲ ಎಳೆದು ಕೊಟ್ಟರು. ಗೆಳತಿಗೆ ತಾಳ್ಮೆಯಿಲ್ಲ. ಅಲ್ಲೇ ಕಟ್ಟೆಯ ಮೇಲೆ ಸುರುವಿ ಬಣ್ಣ ಬೇರೆ ಮಾಡತೊಡಗಿದಳು. ಜಂಪರಿನ ಅಳತೆ ಕೊಡಲು ಬಂದಿದ್ದ ಒಬ್ಬಾಕೆ ಬಗ್ಗಿ ನವಿಲು ಬಣ್ಣದ ತುಂಡೊಂದನ್ನು ಎತ್ತಿದರು. ಅಂಗೈಯಗಲ ಅಲ್ಲ, ಅರ್ಧ ತೋಳಿಗಾಗುವಷ್ಟಿತ್ತು.

“ಟೇಲರಣ್ಣಾ, ಇದು ನನ್ನ ಅರಬಿ ಅಲ್ಲ? ಉದ್ದ ತೋಳಿಗಿ ಸಾಲಂಗಿಲ್ಲ ಅಂದಿದ್ರಿ.”

“ಆವಾಗ ಸಾಲತಿದ್ದಿಲ್ರಿ ಅಕ್ಕಾರ.”

“ಈಗ?”

“ಈಗ ಹೆಚ್ಚಾಗೈತ್ರಿ.”

ಆಕೆ ಅಲ್ಲೇ ಕೂತು ಇಡೀ ರಾಶಿ ಜಾಲಾಡಿದರು. ತನ್ನದು ಎರಡು ಸಿಕ್ಕವು, ನಾದಿನಿಯದೊಂದು, ಓಣಿಯವರದು ಬಹಳ. ಓಣಿಗೆ ಆಗಲೇ ಫೋನ್ ಹೋಯಿತು. ಟೇಲರ್ ಮಿಕ್ಕದ್ದನ್ನು ಎರಡೂ ಕೈಯಿಂದ ಬಾಚಿ ಚೀಲಕ್ಕೆ ತುರುಕಿ ನನ್ನ ಸ್ಕೂಟರಿಗೆ ತಾವೇ ಕಟ್ಟಿದರು. “ಅಕ್ಕಾರ, ಹೊಂಡ್ರಿ. ಇನ್ನೊಂದ ಸಲ ಬಂದ್ರ ಮಾತ್ರ ಊರ ದಾಟಿ ಬಿಚ್ಚರಿ.”

ಒಂದು ಮೂಲೆ

ಗೆಳತಿಯ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೌದಿಯ ಸುತ್ತ ಕೂತರು. ಮುಯ್ಯಿ ತೀರಿಸಲು ನನಗೂ ಒಂದು ಮೂಲೆ ಬಿಟ್ಟುಕೊಟ್ಟರು. ಉಳಿದವರ ಹೊಲಿಗೆ ಜೋಳದ ಸಾಲಿನಂತೆ ನೆಟ್ಟಗೆ ಹೋಯಿತು. ನನ್ನದು ಹೊರಟಿತೇನೋ ಹೌದು, ಎಲ್ಲಿಗೆಂದು ಅದಕ್ಕೂ ತಿಳಿದಿರಲಿಲ್ಲ. ಗೆಳತಿ ನೋಡಿದಳು. ನಾನು ಮನೆಗೆ ಹೋದ ಮೇಲೆ ಬಿಚ್ಚಿ ಹೊಲಿಯುವುದೆಂದು ಉಳಿದವರಿಗೆ ಕಣ್ಣಲ್ಲೇ ಹೇಳಿದ್ದು ನನಗೂ ಕಂಡಿತು.

ಕೌದಿ ಮುಗಿಯುತ್ತ ಬಂದಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ಅಮಾಸಿ ಅಡ್ಡ ಬರುತ್ತದೆಂದು ಬೀಗತಿಯವರು ಸೊಸೆಯನ್ನೂ ಮೊಮ್ಮಗನನ್ನೂ ಒಯ್ಯಲು ಒಂದು ದಿನ ಮೊದಲೇ ಬಂದುಬಿಟ್ಟಿದ್ದರು.

ಗೆಳತಿ ಓಡಿಹೋಗಿ ನೀರು ಕೊಟ್ಟಳು, ವಾಪಸು ಬಂದು ನನ್ನ ಮೂಲೆಯ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು.

ಬೀಗತಿ ಕೌದಿಯ ಒಂದು ಅಂಚಿನಿಂದ ಕೈಯಾಡಿಸುತ್ತ ಬಂದರು. ಗೆಳತಿಯ ತೊಡೆಯ ಹತ್ತಿರ ಕೈ ನಿಂತಿತು.

“ಏಳ್ರಿ ಬೀಗತಿ.”

“ಮೊಣಕಾಲ ಹಿಡದಾವ್ರಿ.”

“ಹಂಗಾರ ಸರೀರಿ.”

ಸರಿದಳು. ಬೀಗತಿ ಮೂಲೆಯನ್ನು ಎತ್ತಿ ಬೆಳಕಿಗೆ ಹಿಡಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇದು ಯಾರ ಕೈ?”

“ನಂದ್ರಿ,” ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಶ್ಯಾಣ್ಯಾಕಿ ಅದೀ. ಕೂಸಿನ ಗಲ್ಲಕ್ಕ ಕಾಡಗಿ ಬೊಟ್ಟ ಇಟ್ಟಂಗ, ದೃಷ್ಟಿ ತಾಕಬಾರದಂತ ಒಂದ ಮೂಲಿ ಬೇಕಂತನ ಕೆಡಿಸೀದಿ. ಈಗಿನವ್ರಿಗಿ ಇದೆಲ್ಲಾ ಎಲ್ಲಿ ಗೊತ್ತೈತಿ. ಬೀಗತಿ, ಇಂಥಾ ಕೌದಿ ನಮ್ಮ ಮನ್ಯಾಗೂ ಇಲ್ಲ.”

ಗೆಳತಿಯ ಕುತ್ತಿಗೆ ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ.

“ಅದಕ್ಕಂತನ ಇಕೀನ ಕರಿಸಿದ್ನಿರಿ,” ಎಂದಳು, ಮುಖ ಒಂದಿಷ್ಟೂ ಅಲುಗದೆ. “ಇಷ್ಟ ಕೆಟ್ಟ ಹೊಲಿಯಾವ್ರು ವಿಜಯಪುರದಾಗ ಹುಡಿಕಿದ್ರೂ ಸಿಗಂಗಿಲ್ರಿ.”

“ಹಂಗಾರ ನಿಡೋಣಿಗೂ ಕಳಸ್ರಿ. ಮನ್ಯಾಗಿನ ಕೌದಿಗೂ ಒಂದೊಂದ ಮೂಲಿ ಕೆಡಿಸಿ ಬರ್ಲಿ.”

ಜೀಪು ಹೋಯಿತು, ಮಗಳು, ಕೂಸು, ಕೌದಿ ಎಲ್ಲ ಹೋದವು. ಗೆಳತಿ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡು ಒಳಗೆ ಬಂದಳು, ನನ್ನೆದುರು ಕೂತು ಕೈ ಚಾಚಿದಳು.

“ನಿನ್ನ ಮುಯ್ಯಿ ಮುಟ್ಟಿತು ನೋಡು. ಇನ್ನ ಆ ಸೂಜಿ ಇಲ್ಲಿ ಕೊಡು.”