ಎರಡು ಬೀಗದ ಕೋಳಿಗೂಡು

ಇಪ್ಪತ್ತಾರು ವರ್ಷದಿಂದ ಬ್ಯಾಂಕಿನ ಲಾಕರ್ ಕೋಣೆ ಕಾಯುತ್ತಿರುವವನು ನಾನು. ಊರಿನವರ ಒಡವೆ, ಪತ್ರ, ಗುಟ್ಟು ಎಲ್ಲವೂ ನನ್ನ ಬೆನ್ನ ಹಿಂದೆ ಭದ್ರವಾಗಿವೆ. ಅಂಥವನಿಗೆ ಹಿತ್ತಲಿನ ಆರು ಕೋಳಿಗಳನ್ನು ಕಾಪಾಡಲು ಆಗಲಿಲ್ಲ ಎಂದರೆ ಹೆಂಡತಿಯಾದವಳು ಸುಮ್ಮನಿರುತ್ತಾಳೆಯೇ? ಇರಲಿಲ್ಲ.

ನಡೆದದ್ದು ಇಷ್ಟು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗೂಡಿನ ಬಾಗಿಲು ಹಾರುಹೊಡೆದಿತ್ತು. ಬಿಳಿ ಹೇಂಟೆ ಇರಲಿಲ್ಲ, ಅದರ ಪುಕ್ಕ ಮಾತ್ರ ನಲ್ಲಿಯ ತನಕ ಉದುರಿತ್ತು. ಕಾಡುಬೆಕ್ಕಿನ ಕೆಲಸ.

"ಚಿಲಕ ಹಾಕಿ ಹೋಗಿ ಅಂತ ನಿಮಗೆ ಹೇಳಿದ್ದೆ," ಎಂದಳು ನನ್ನವಳು.

"ನನಗೆಲ್ಲಿ ಹೇಳಿದೆ? ನೀನೇ ಹಾಕ್ತೀಯ ಅಂದ್ಕೊಂಡಿದ್ದೆ."

"ಕೇರಂ ಆಡೋಕೆ ಓಡೋ ಆತುರದಲ್ಲಿ ಕಿವಿ ಎಲ್ಲಿತ್ತೋ!"

(ನಿಮಗೆ ಮಾತ್ರ ಹೇಳುತ್ತೇನೆ: ಅವಳು ಹೇಳಿದ್ದಳು. ನಾನು 'ಹ್ಞೂಂ' ಎಂದೂ ಇದ್ದೆ. ಕಟಿಂಗ್ ಶಾಪಿನ ಹಿಂದಿನ ಕೋಣೆಯಲ್ಲಿ ಸಂಜೆ ಆರಕ್ಕೆ ಬೋರ್ಡಿನ ಮೇಲೆ ಪೌಡರ್ ಬಿತ್ತೆಂದರೆ ಒಂಬತ್ತರ ತನಕ ನನಗೆ ಸಂಸಾರ, ಸಮಾಜ ಯಾವುದೂ ನೆನಪಿರುವುದಿಲ್ಲ.)

ತಪ್ಪು ಯಾರದೆಂಬ ವಿಚಾರಣೆ ನನ್ನ ಅಮ್ಮನ ಎದುರಿಗೇ ಮೂರು ದಿನ ನಡೆಯಿತು. ಆ ಬಿಳಿ ಹೇಂಟೆಯನ್ನು ಅವಳು ಮರಿಯಿದ್ದಾಗಿನಿಂದ ಅಂಗೈಯಲ್ಲೇ ಕಾಳು ತಿನ್ನಿಸಿ ಸಾಕಿದ್ದಳು. ಜಗಳದ ನಡುವೆ ಒಮ್ಮೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅದನ್ನು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತು ಎಂದು ಅಲ್ಲಿಗೇ ಮುಗಿಸಬಹುದಿತ್ತು. ಅದರ ಬದಲು ನಾನೊಂದು ಯೋಜನೆ ಹಾಕಿದೆ.

ಬ್ಯಾಂಕಿನ ಲಾಕರ್ ಒಂದು ಕೀಲಿಕೈಗೆ ಬಗ್ಗುವುದಿಲ್ಲ. ಬ್ಯಾಂಕಿನದೊಂದು, ಗಿರಾಕಿಯದೊಂದು, ಎರಡೂ ಕೂಡಿದರಷ್ಟೇ ಬಾಗಿಲು ತೆರೆಯುತ್ತದೆ. ಈ ಮಹಾಸೂತ್ರವನ್ನು ಕೋಳಿಗೂಡಿಗೂ ಅನ್ವಯಿಸತಕ್ಕದ್ದು ಎಂದು ತೀರ್ಮಾನಿಸಿದೆ. ಜಾಲರಿ ಬಿಗಿಸಿದೆ, ಬುಡಕ್ಕೆ ಇಟ್ಟಿಗೆ ಕೂರಿಸಿದೆ, ಬಾಗಿಲಿಗೆ ಮೇಲೊಂದು ಕೆಳಗೊಂದು ಎರಡು ಕೊಂಡಿ ಹೊಡೆದೆ (ಎಡಗೈ ಹೆಬ್ಬೆರಳಿಗೂ ಎರಡೇಟು ಹೊಡೆದೆ), ಎರಡು ಬೀಗ ತಂದೆ. ಸುಮ್ಮನೆ ಒತ್ತಿದರೆ ಬೀಳುವ ಬೀಗವಲ್ಲ. ಕೀಲಿಕೈ ತಿರುಗಿಸದೆ ಹಾಕಲೂ ಬಾರದ, ತೆಗೆಯಲೂ ಬಾರದ ಜಾತಿ.

"ಒಂದು ಬೀಗ ನಿನ್ನದು, ಒಂದು ನನ್ನದು. ಇಬ್ಬರೂ ಇದ್ರೇನೇ ಗೂಡು ಮುಚ್ಚೋದು, ಇಬ್ಬರೂ ಇದ್ರೇನೇ ತೆಗೆಯೋದು. ಇನ್ನು ಮೇಲೆ ನೀನು ಹಾಕಿಲ್ಲ, ನಾನು ಹಾಕಿಲ್ಲ ಅನ್ನೋ ಪ್ರಶ್ನೆಯೇ ಇಲ್ಲ," ಎಂದು ಹಿತ್ತಲಲ್ಲಿ ನಿಂತು ಭಾಷಣ ಬಿಗಿದೆ.

"ಒಳ್ಳೇ ಐಡಿಯಾ ಕಣ್ರೀ," ಎಂದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನನ್ನ ಐಡಿಯಾ ಒಂದನ್ನು ಅವಳು ಮರುಮಾತಿಲ್ಲದೆ ಒಪ್ಪಿದ್ದು ಅದೇ ಮೊದಲು. ನಾನು ಆಗಲೇ ಹುಷಾರಾಗಬೇಕಿತ್ತು.

ಕೋಳಿಗಳಿಗೆ ಗಡಿಯಾರ ಬೇಕಿಲ್ಲ. ಬೆಳಕು ಇಳಿಯುತ್ತಿದ್ದಂತೆ ತಾವಾಗಿಯೇ ಬಂದು ಗೂಡಿನ ಕೋಲಿನ ಮೇಲೆ ಸಾಲಾಗಿ ಕೂರುತ್ತವೆ. ಅಂದರೆ ಆರೂವರೆಗೆ, ನಾನು ಕೇರಂ ಬೋರ್ಡಿನ ಮುಂದೆ ತೋಳು ಮಡಿಸಿ ಆಟಕ್ಕೆ ಕುದುರಿಕೊಳ್ಳುವ ಹೊತ್ತಿಗೆ! ಮೊದಲ ಸಂಜೆಯೇ ಫೋನು ಬಂತು. "ರೀ, ಕೋಳಿ ಬಂದ್ವು. ನಿಮ್ಮ ಕೀ ಬೇಕು." ಎದ್ದು ಬಂದೆ. ಮರುದಿನವೂ ಬಂದೆ. ಬೆಳಿಗ್ಗೆ ಐದೂವರೆಗೆ ಗೂಡಿನಲ್ಲಿ ಗಲಾಟೆ ಶುರುವಾದರೆ ಸಾಕು, ನನ್ನ ಹೊದಿಕೆ ಹಾರಿಹೋಗುತ್ತಿತ್ತು. "ಏಳಿ, ಅವು ಹಸಿದಿವೆ, ನಿಮ್ಮ ಬೀಗ ತೆಗೀರಿ."

ಹತ್ತನೆಯ ದಿನ ಬೇಡಿಕೊಂಡೆ. "ನನ್ನ ಕೀನೂ ನೀನೇ ಇಟ್ಕೊಂಡ್ಬಿಡೇ, ನಿನ್ನ ದಮ್ಮಯ್ಯ."

"ಅಯ್ಯೋ, ಬೇಡಪ್ಪ! ನಾಳೆ ಒಂದು ಕೋಳಿ ಹೋದ್ರೆ ನನ್ನ ತಲೆಗೆ ಕಟ್ತೀರಿ. ಬ್ಯಾಂಕ್ ರೂಲು ಅಂದ್ರೆ ರೂಲು."

ರೂಲು ನನ್ನದೇ. ಕೀಲಿಕೈಯನ್ನು ಮತ್ತೆ ಜೇಬಿಗಿಳಿಸಿದೆ. ಕಟಿಂಗ್ ಶಾಪಿನವನಂತೂ ದಿನವೂ ಕಾಲೆಳೆಯುತ್ತಿದ್ದ. "ಏನ್ ಸಾರ್, ಕತ್ತಲಾದ್ರೆ ಕೋಳಿ ಥರಾ ನಿಮಗೂ ಕಣ್ಣು ಕಾಣಲ್ವಾ?"

ಹೀಗಿರುವಾಗ ಪಕ್ಕದ ಬೀದಿಯವರೊಡನೆ ಡಬಲ್ಸ್ ಫೈನಲ್ ಬಂತು. ಕಟಿಂಗ್ ಶಾಪಿನವನು, ನಾನು ಜೋಡಿ. ಅಂದು ಫೋನ್ ಆಫ್ ಮಾಡಿದೆ. ಏನಾದರಾಗಲಿ, ನಾನೂ ಒಬ್ಬ ಗಂಡಸಲ್ಲವೇ ಎಂದುಕೊಂಡೆ. ಆರೂವರೆಯಾಯಿತು. ಕಿಟಕಿಯಾಚೆ ಕತ್ತಲು ಇಳಿಯತೊಡಗಿತು. ಜೇಬಿನಲ್ಲಿದ್ದ ಕೀಲಿಕೈ ತೊಡೆಗೆ ಚುಚ್ಚುತ್ತಿತ್ತು. ಮೇಲೆ ಅವಳ ಬೀಗವಿದ್ದರೂ ಕೆಳಗೆ ಬೆಕ್ಕು ನುಸುಳುವಷ್ಟು ಬಾಗಿಲು ಸಡಿಲವಾದ ಗೂಡು, ಅದರೊಳಗೆ ನಂಬಿ ಕೂತ ಐದು ಜೀವ, ಗೋಡೆ ಹಾರುವ ಬೆಕ್ಕು. ಇನ್ನೊಂದು ಕೋಳಿ ಹೋದರೆ ಅವಳ ಮುಖವನ್ನು ಹೇಗೆ ನೋಡಲಿ? ಗೆಲ್ಲಲು ರಾಣಿಯೊಂದನ್ನು ಗುಂಡಿಗೆ ಕೆಡವಿ, ಅದರ ಹಿಂದೆಯೇ ನಮ್ಮದೊಂದು ಕಾಯಿ ಬೀಳಿಸಿ ಕವರ್ ಕೊಟ್ಟರೆ ಸಾಕಿತ್ತು. ಆದರೆ ಆ ಕೆಂಪು ರಾಣಿ ನನ್ನ ಕಣ್ಣಿಗೆ ಕೋಳಿಯ ಜುಟ್ಟಿನಂತೆ ಕಂಡಿತು. ಗುರಿ ತಪ್ಪಿ ಹೊಡೆದೆ, ಸ್ಟ್ರೈಕರ್ರೇ ಗುಂಡಿಗೆ ಬಿತ್ತು. ಪಕ್ಕದ ಬೀದಿಯವರು ಅದೇ ಸರದಿಯಲ್ಲಿ ಆಟ ಮುಗಿಸಿದರು.

"ಕಟಿಂಗಿಗೆ ನನ್ನ ಹತ್ರಾನೇ ಬರ್ತೀರಲ್ಲ ಸಾರ್, ಆಗ ಮಾತಾಡೋಣ," ಎಂದ ನನ್ನ ಜೋಡಿ.

ನಿಲ್ಲದೆ ಓಡಿದೆ. ಏದುಸಿರು ಬಿಡುತ್ತ ಹಿತ್ತಲಿಗೆ ನುಗ್ಗಿ ಟಾರ್ಚ್ ಹಾಕಿದೆ. ಕೋಲಿನ ಮೇಲೆ ಐದೂ ಕೋಳಿಗಳಿದ್ದವು. ಒಂದು ಮಾತ್ರ ಅರೆಗಣ್ಣು ತೆರೆದು ಯಾರಪ್ಪಾ ಇವನು ಎಂಬಂತೆ ನೋಡಿತು. ಬಾಗಿಲಲ್ಲಿ ಎರಡೂ ಬೀಗ ಬಿದ್ದಿದ್ದವು! ಜೇಬು ಮುಟ್ಟಿ ನೋಡಿಕೊಂಡೆ, ನನ್ನ ಕೀಲಿಕೈ ನನ್ನಲ್ಲೇ ಇತ್ತು.

"ಇದು ಹೇಗೆ ಬಿತ್ತು?" ಎಂದು ಕೂಗಿದೆ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದಳು. "ಒಂದು ಬೀಗ ತಂದ್ರೆ ಎರಡು ಕೀ ಬರಲ್ವೇನ್ರೀ? ನಿಮ್ಮ ಬೀಗದ ಇನ್ನೊಂದು ಕೀ ಮೊದಲ್ನೇ ದಿನದಿಂದ ನನ್ನ ಹತ್ರಾನೇ ಇದೆ."

ಇಪ್ಪತ್ತಾರು ವರ್ಷ ಕೀಲಿಕೈಗಳ ನಡುವೆಯೇ ಬದುಕಿದ ನನಗೆ ಇದು ಹೊಳೆದಿರಲಿಲ್ಲ. ಬ್ಯಾಂಕಿನವರಿಗೆ ದಯವಿಟ್ಟು ತಿಳಿಸಬೇಡಿ.

"ಮತ್ತೆ ದಿನಾ ನನ್ನ ಯಾಕೆ ಓಡಿಸ್ತಿದ್ದೆ?"

"ಹೊತ್ತು ಮುಳುಗೋದ್ರೊಳಗೆ ಮನೆಗೆ ಬನ್ನಿ ಅಂತ ಹದಿನೆಂಟು ವರ್ಷ ಬಾಯಲ್ಲಿ ಹೇಳ್ದೆ, ಬಂದ್ರಾ? ಬೀಗ ಹಾಕಿದ್ಮೇಲೆ ಹತ್ತೇ ದಿನಕ್ಕೆ ದಾರಿಗೆ ಬಂದ್ರಿ."

"ಬೆಳಿಗ್ಗೆ ಐದೂವರೆಗೆ ಎಬ್ಬಿಸ್ತಿದ್ದಿದ್ದು?"

"ಬೇಗ ಎದ್ದು ಓಡಾಡಿ ಅಂತ ಡಾಕ್ಟ್ರು ಹೇಳಿದ್ರಲ್ಲ."

ಕೋಪ ಬರಬೇಕಿತ್ತು. ಐದೂ ಕೋಳಿ ಉಳಿದವಲ್ಲ ಎಂಬ ಸಮಾಧಾನದಲ್ಲಿ ಅದು ಬರಲೇ ಇಲ್ಲ. ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದೆ. ಅಷ್ಟರಲ್ಲಿ ನಡುಮನೆಯಿಂದ ನನ್ನ ಅಮ್ಮ ಕೂಗಿ ಕೇಳಿದರು: "ಎಲ್ಲಾ ಗೂಡು ಸೇರಿದ್ವೇನಮ್ಮಾ?"

"ಸೇರಿದ್ವು ಅತ್ತೆ, ಕೊನೇದು ಈಗ ಬಂತು," ಎಂದು ನನ್ನನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ ಚಿಲಕ ಹಾಕಿದಳು.